ಎಂಟು ಫೇಡರ್ ಒಟ್ಟಿಗೆ ಸತ್ತಾಗ: ಹಳೆಯ ಲೈಟ್ ಡೆಸ್ಕ್ ರಿಪೇರಿ ಬಗ್ಗೆ ಒಂದಿಷ್ಟು ಮಾತು

ನಾಟಕಕ್ಕೆ ಬೆಳಕಿನ ಕೆಲಸ ಮಾಡುವ ಗೆಳೆಯರ ಮುಂದೆ ಆಡಿದ ಮಾತು ಇದು. ಅಂದು ಮೇಜಿನ ಮೇಲೆ ಲೈಟ್ ಡೆಸ್ಕ್, ಅಂದರೆ ವೇದಿಕೆಯ ದೀಪಗಳನ್ನು ನಿಯಂತ್ರಿಸುವ ಪೆಟ್ಟಿಗೆ, ಬಿಚ್ಚಿಟ್ಟು ಕೈಯಲ್ಲಿ ತೋರಿಸುತ್ತಾ ಮಾತಾಡಿದ್ದೆ. ಇಲ್ಲಿ ಅದನ್ನೆಲ್ಲ ಬರೆದೇ ತೋರಿಸಬೇಕು, ಹಾಗಾಗಿ ಕೆಲವು ಕಡೆ ಸ್ವಲ್ಪ ಬಿಡಿಸಿ ಹೇಳಿದ್ದೇನೆ.

ಈ ಡೆಸ್ಕ್ ನನ್ನ ಹತ್ತಿರ ಬಂದಾಗ ಅದರ ಮೇಲೆ ಒಂದು ಚೀಟಿ ಅಂಟಿಸಿತ್ತು. "17ರಿಂದ 24 ಸತ್ತಿವೆ. ಆಫ್ ಮಾಡಿದರೆ ಕ್ಯೂ ಎಲ್ಲ ಹೋಗುತ್ತವೆ." ಅಷ್ಟೇ. 17ರಿಂದ 24 ಅಂದರೆ ಫೇಡರ್‌ಗಳು, ದೀಪದ ಬೆಳಕು ಏರಿಸಿ ಇಳಿಸುವ ಜಾರುಗುಂಡಿಗಳು. ಕ್ಯೂ ಅಂದರೆ ಡೆಸ್ಕ್ ನೆನಪಿಟ್ಟುಕೊಂಡ ಬೆಳಕಿನ ಜೋಡಣೆ. ಬರೆದವರು ಯಾರೋ ಗೊತ್ತಿಲ್ಲ, ಆದರೆ ಅವರಿಗೆ ನಾನು ಇವತ್ತೂ ಋಣಿ. "ಡೆಸ್ಕ್ ಕೆಟ್ಟಿದೆ" ಅಂತ ಬರೆದಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ. ಅವರು ಯಾವುದು, ಎಲ್ಲಿಂದ ಎಲ್ಲಿಯವರೆಗೆ, ಯಾವಾಗ ಅಂತ ಬರೆದಿದ್ದರು. ಅರ್ಧ ರಿಪೇರಿ ಆ ಚೀಟಿಯಲ್ಲೇ ಇತ್ತು.

ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದೂ ಇದನ್ನೇ. ಹಳೆಯ ಡೆಸ್ಕ್ ಕೆಟ್ಟಾಗ ಆ ದೋಷಕ್ಕೆ ಒಂದು ಆಕಾರ ಇರುತ್ತದೆ. ಒಂದೇ ಫೇಡರ್ ಕೆಟ್ಟಿದೆಯಾ, ಎಂಟು ಒಟ್ಟಿಗೆ ಕೆಟ್ಟಿವೆಯಾ, ಎಲ್ಲವೂ ಕೆಟ್ಟಿವೆಯಾ? ಆನ್ ಮಾಡಿದ ತಕ್ಷಣವಾ, ಬಿಸಿಯಾದ ಮೇಲಾ? ಈ ಆಕಾರ ಗೊತ್ತಾಗುವ ತನಕ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಬೇಡಿ.

ಮೊದಲು ಡೆಸ್ಕೇ ಕೆಟ್ಟಿದೆಯಾ ಅಂತ ನೋಡಿ. ಎಲ್ಲ ದೀಪಗಳನ್ನೂ ಒಟ್ಟಿಗೆ ಆಳುವ ಗ್ರ್ಯಾಂಡ್ ಮಾಸ್ಟರ್ ಫೇಡರ್ ಕೆಳಗಿದ್ದರೆ ಯಾವ ದೀಪವೂ ಹತ್ತುವುದಿಲ್ಲ. ಬ್ಲ್ಯಾಕೌಟ್ ಬಟನ್ ಒತ್ತಿಕೊಂಡೇ ಇದ್ದರೂ ಅಷ್ಟೇ. ಹಿಂದಿನ ತಂಡ ಪ್ಯಾಚ್, ಅಂದರೆ ಯಾವ ಫೇಡರ್‌ಗೆ ಯಾವ ದೀಪ ಅನ್ನುವ ಜೋಡಣೆ, ಬದಲಾಯಿಸಿ ಹೋಗಿದ್ದರೆ 5ನೇ ಫೇಡರ್ ಎತ್ತಿದಾಗ ಇನ್ಯಾವುದೋ ದೀಪ ಹತ್ತುತ್ತದೆ. ಶೋಗೆ ಇನ್ನು ಅರ್ಧ ಗಂಟೆ ಇದೆ ಅನ್ನುವಾಗ ಇವು ಕಣ್ಣಿಗೆ ಬೀಳುವುದಿಲ್ಲ, ಅನುಭವ ಇದ್ದವರಿಗೂ ಬೀಳುವುದಿಲ್ಲ. ಆಮೇಲೆ ಡಿಮ್ಮರ್, ಅಂದರೆ ಡೆಸ್ಕ್ ಹೇಳಿದಂತೆ ದೀಪಕ್ಕೆ ಕರೆಂಟ್ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ, ಅದರ ಹತ್ತಿರ ಹೋಗಿ. ಎಷ್ಟೋ ಡಿಮ್ಮರ್‌ಗಳಲ್ಲಿ ಟೆಸ್ಟ್ ಬಟನ್ ಇರುತ್ತದೆ, ಅದನ್ನು ಒತ್ತಿದರೆ ದೀಪ ಹತ್ತುತ್ತದೆಯಾ? ಹತ್ತಿದರೆ ದೀಪ, ಡಿಮ್ಮರ್ ಎರಡೂ ಸರಿ ಇವೆ. ಇನ್ನು ಉಳಿದದ್ದು ಕೇಬಲ್ ಮತ್ತು ಡೆಸ್ಕ್. ಕೇಬಲ್ ಬದಲಾಯಿಸಿ ನೋಡಿ. ಇನ್ನೊಂದು ಡೆಸ್ಕ್ ಸಿಕ್ಕರೆ ಅದನ್ನು ಸಿಕ್ಕಿಸಿ ನೋಡಿ. ಹೀಗೆ ಪ್ರತಿ ಸಲ ಅರ್ಧ ಅರ್ಧ ಮಾಡುತ್ತಾ ಹೋದರೆ ನಾಲ್ಕೈದು ಹೆಜ್ಜೆಯಲ್ಲಿ ದೋಷ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಡೆಸ್ಕೇ ಅಂತ ಖಚಿತ ಆಯಿತು ಅಂದುಕೊಳ್ಳೋಣ. ಮುಚ್ಚಳ ತೆಗೆಯುವ ಮೊದಲು ಎರಡು ಕೆಲಸ ಇದೆ. ಒಂದು, ಒಳಗಿರುವ ಶೋ, ಪ್ಯಾಚ್, ಸೆಟ್ಟಿಂಗ್ ಎಲ್ಲವನ್ನೂ ಫ್ಲಾಪಿಗೆ ಉಳಿಸಿ. ಆಗದಿದ್ದರೆ ಪರದೆಯ ಮೇಲಿನ ಒಂದೊಂದು ಪುಟದ ಫೋಟೊ ತೆಗೆದುಕೊಳ್ಳಿ. ಬೇಸರದ ಕೆಲಸ, ಆದರೂ ಮಾಡಿ. ಎರಡು, ಪ್ಲಗ್ ಕಿತ್ತು ನಿಮ್ಮ ಪಕ್ಕದಲ್ಲೇ, ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್‌ಮೋಡ್ ಪವರ್ ಸಪ್ಲೈ ಇರುವ ಡೆಸ್ಕ್ ಆದರೆ ಇನ್ನೂ ಹುಷಾರಾಗಿರಬೇಕು. 230 ವೋಲ್ಟ್ ಮೇನ್ಸ್ ಅದರೊಳಗೆ ನೇರವಾಗಿ ಡಿಸಿ ಆಗಿ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಕೂರುತ್ತದೆ, ಸುಮಾರು 325 ವೋಲ್ಟ್. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಕಾಯಿರಿ, ಮೀಟರ್ ಇಟ್ಟು ಅಳೆಯಿರಿ, ಆಮೇಲೆ ಕೈ ಹಾಕಿ. ಹಳೆಯ ದಪ್ಪ ಪಿಕ್ಚರ್ ಟ್ಯೂಬ್ ಮಾನಿಟರ್ ಜೊತೆಗಿದ್ದರೆ ಅದನ್ನು ಬಿಚ್ಚಲೇಬೇಡಿ, ಅದು ಕಲಿತವರ ಕೆಲಸ.

ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಫೋಟೊ ಇರಲಿ. ರಿಬ್ಬನ್ ಕೇಬಲ್‌ನ ಕೆಂಪು ಅಂಚು ಯಾವ ಕಡೆ ಇತ್ತು ಅಂತ ನಾಳೆ ನೆನಪಿರುವುದಿಲ್ಲ. ಕೆಂಪು ಅಂಚು ಒಂದನೇ ಪಿನ್ ಕಡೆಗೆ ಇರುವುದು ವಾಡಿಕೆ, ಆದರೆ ನಿಮ್ಮ ಡೆಸ್ಕ್‌ಗೆ ಮುಂಚೆ ಯಾರು ಯಾರು ಕೈ ಹಾಕಿದ್ದಾರೋ ಏನೋ, ಅಲ್ವಾ? ನೋಡಿದ್ದನ್ನು ನಂಬಿ, ವಾಡಿಕೆಯನ್ನಲ್ಲ.

ಈಗ ಫೇಡರ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹಳೆಯ ಡೆಸ್ಕ್‌ಗಳಲ್ಲಿ ಜಾಸ್ತಿ ಸವೆಯುವುದು ಇದೇ.

ಫೇಡರ್ ಅಂದರೆ ಒಂದು ಉದ್ದನೆಯ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಒಂದು ಸಣ್ಣ ಲೋಹದ ಬೆರಳು. ಪಟ್ಟಿಯ ಮೇಲಿನ ತುದಿಗೆ 5 ಅಥವಾ 10 ವೋಲ್ಟ್ ಕೊಟ್ಟಿರುತ್ತಾರೆ, ಕೆಳಗಿನ ತುದಿ ಗ್ರೌಂಡ್‌ಗೆ ಸೇರಿರುತ್ತದೆ. ಬೆರಳು ಎಲ್ಲಿ ನಿಂತಿದೆಯೋ ಅಲ್ಲಿನ ವೋಲ್ಟೇಜ್ ಡೆಸ್ಕ್‌ಗೆ ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಮುಚ್ಚಳ ತೆಗೆಯದೆ ಎಷ್ಟೋ ಹೇಳಬಹುದು. ಫೇಡರ್ ಕೆಳಗೆ ಇಳಿಸಿದರೂ ಚಾನೆಲ್ ಪೂರ್ತಿ ಉರಿಯುತ್ತಲೇ ಇದೆಯಾ? ಗ್ರೌಂಡ್ ಕಡೆಯ ಕಾಲು ಬಿಟ್ಟಿದೆ, ಬೆರಳಿಗೆ ಈಗ ಮೇಲಿನ ವೋಲ್ಟೇಜ್ ಮಾತ್ರ ಸಿಗುತ್ತಿದೆ. ಎತ್ತಿದರೂ ಸೊನ್ನೆಯೇ ಇದೆಯಾ? ಮೇಲಿನ ಕಾಲು ಬಿಟ್ಟಿರಬೇಕು. ಸುಮ್ಮನೆ ಅತ್ತ ಇತ್ತ ಓಲಾಡುತ್ತಿದೆಯಾ, ಕೈ ಹತ್ತಿರ ತಂದರೆ ಬದಲಾಗುತ್ತಿದೆಯಾ, ಪಕ್ಕದ ಫೇಡರ್ ಎತ್ತಿದರೆ ಇದೂ ಜೊತೆಗೆ ಏರುತ್ತಿದೆಯಾ? ಹಾಗಾದರೆ ಬೆರಳಿನ ಸಂಪರ್ಕವೇ ಹೋಗಿದೆ, ಆ ತಂತಿ ಗಾಳಿಯಲ್ಲಿ ನೇತಾಡುತ್ತಿದೆ. ಒಂದು ಜಾಗದಲ್ಲಿ ಮಾತ್ರ ದೀಪ ಫಟ್ ಅಂತ ಜಿಗಿಯುತ್ತದೆ ಅಂದರೆ ಅಲ್ಲಿ ಕೊಳೆ ಕೂತಿದೆ, ಇಲ್ಲವೇ ಪಟ್ಟಿ ಸವೆದಿದೆ.

ಕೊಳೆ ಆದರೆ ತೊಳೆಯಬಹುದು. ಆದರೆ ಕೈಗೆ ಸಿಕ್ಕ ಸ್ಪ್ರೇ ಹೊಡೆಯಬೇಡಿ, ದಯವಿಟ್ಟು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆದ ಫೇಡರ್ ಎರಡು ದಿನ ಬೆಣ್ಣೆ ಹಾಗೆ ಜಾರುತ್ತದೆ, ಆಮೇಲೆ ಆ ಎಣ್ಣೆಗೆ ಧೂಳು ಅಂಟಿ ಮೊದಲಿಗಿಂತ ಕೆಟ್ಟದಾಗುತ್ತದೆ. ಕಾರ್ಬನ್ ಮತ್ತು ಪ್ಲಾಸ್ಟಿಕ್‌ಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ. ಸ್ವಲ್ಪವೇ ಬಿಟ್ಟು ಇಪ್ಪತ್ತು ಮೂವತ್ತು ಸಲ ಮೇಲೆ ಕೆಳಗೆ ಆಡಿಸಿ. ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ತೊಳೆಯುತ್ತದೆ, ಆದರೆ ಜಾರುವುದಕ್ಕೆ ಹಾಕಿದ್ದ ಗ್ರೀಸನ್ನೂ ಅದು ಎತ್ತಿಕೊಂಡು ಹೋಗುತ್ತದೆ, ಆಗ ಫೇಡರ್ ಒರಟಾಗುತ್ತದೆ. ನಾಟಕದಲ್ಲಿ ಹತ್ತು ಸೆಕೆಂಡಿನ ನಿಧಾನದ ಫೇಡ್ ಕೈಯಲ್ಲೇ ಮಾಡುವವರಿಗೆ ಆ ಒರಟುತನ ಏನು ಅಂತ ಗೊತ್ತು. ಹಾಗಾಗಿ ತೊಳೆದ ಮೇಲೆ ಗುಂಡಿ ಜಾರುವ ಸರಳಿಗೆ ಫೇಡರ್ ಗ್ರೀಸ್ ಒಂದು ಚೂರು ಹಚ್ಚಿ, ಪಟ್ಟಿಗೆ ತಾಕದ ಹಾಗೆ.

ಪಟ್ಟಿಯೇ ಸವೆದು ಕಪ್ಪು ಹೋಗಿ ಕೆಳಗಿನ ಕಂದು ಬಣ್ಣ ಕಾಣುತ್ತಿದ್ದರೆ ಯಾವ ಸ್ಪ್ರೇಯೂ ಕೆಲಸಕ್ಕೆ ಬರುವುದಿಲ್ಲ. ಹೊಸದು ಹಾಕಬೇಕು. ಓಟದ ಉದ್ದ, ಕಾಲುಗಳ ಜಾಗ, ಎಷ್ಟು ಓಮ್ ಅನ್ನುವುದು, ಎಲ್ಲ ಹೊಂದಬೇಕು. 10 ಕಿಲೊ ಓಮ್ ಸಾಮಾನ್ಯ. ಇದಕ್ಕಿಂತ ಮುಖ್ಯವಾಗಿ ಅದು ಲೀನಿಯರ್, ಅಂದರೆ ಎಷ್ಟು ಎತ್ತಿದರೆ ಅಷ್ಟೇ ಪ್ರಮಾಣದಲ್ಲಿ ಏರುವಂಥದ್ದು, ಆಗಿರಬೇಕು. ಧ್ವನಿ ಮಿಕ್ಸರ್‌ಗೆ ಮಾಡಿದ ಫೇಡರ್ ನೋಡುವುದಕ್ಕೆ ಒಂದೇ ಥರ ಇರುತ್ತದೆ, ಆದರೆ ಅದನ್ನು ಹಾಕಿದರೆ ಅರ್ಧ ಎತ್ತಿದಾಗ ಅರ್ಧ ಬೆಳಕು ಬರುವುದಿಲ್ಲ. ಯಾವ ಥರದ್ದು ಅಂತ ತಿಳಿಸಲು ಫೇಡರ್ ಮೈಮೇಲೆ ಬರೆದ ಎ, ಬಿ ಅಕ್ಷರ ನಂಬುವುದಕ್ಕಾಗುವುದಿಲ್ಲ, ಹಳೆಯ ಕೆಲವು ಭಾಗಗಳಲ್ಲಿ ಆ ಅರ್ಥ ತಿರುಗುಮುರುಗು ಇದೆ. ಸರಿಯಾಗಿ ಮಧ್ಯಕ್ಕೆ ತಂದು ಮೀಟರ್‌ನಲ್ಲಿ ಅಳೆಯಿರಿ. 10 ಕಿಲೊ ಓಮ್‌ನದು 5ರ ಹತ್ತಿರ ತೋರಿಸಿದರೆ ಲೀನಿಯರ್.

ಈಗ ನಮ್ಮ ಚೀಟಿಗೆ ವಾಪಸ್ ಬರೋಣ. 17ರಿಂದ 24. ಎಣಿಸಿ ನೋಡಿ, ಎಂಟು. ಎಂಟು ಫೇಡರ್ ಒಂದೇ ದಿನ ಸವೆಯುವುದಿಲ್ಲ. ಈ ಎಂಟು ಅನ್ನುವ ಸಂಖ್ಯೆ ಕಂಡ ತಕ್ಷಣ ನನ್ನ ಕಣ್ಣು ಫೇಡರ್ ಬಿಟ್ಟು ಚಿಪ್ ಹುಡುಕುತ್ತದೆ. ಇಂಥ ಡೆಸ್ಕ್‌ನಲ್ಲಿ 24 ಫೇಡರ್‌ಗೂ ಬೇರೆ ಬೇರೆ ಅಳತೆಯ ಸರ್ಕ್ಯೂಟ್ ಇರುವುದಿಲ್ಲ. ಅಳೆಯುವ ಸರ್ಕ್ಯೂಟ್ ಒಂದೇ. ಅದರ ಮುಂದೆ 4051 ಅನ್ನುವ ಚಿಪ್‌ಗಳು ಬಾಗಿಲು ಕಾಯುವವರ ಹಾಗೆ ನಿಂತು, ಒಂದು ಸಲಕ್ಕೆ ಒಂದು ಫೇಡರ್‌ನ ವೋಲ್ಟೇಜನ್ನು ಒಳಗೆ ಬಿಡುತ್ತವೆ. ಒಂದೊಂದು 4051ಗೂ ಎಂಟು ಫೇಡರ್. 1ರಿಂದ 8 ಒಂದಕ್ಕೆ, 9ರಿಂದ 16 ಇನ್ನೊಂದಕ್ಕೆ, 17ರಿಂದ 24 ಮೂರನೆಯದಕ್ಕೆ. ಮೂರನೆಯದೇ ನಮ್ಮ ಗಿರಾಕಿ.

ಈ ಚಿಪ್‌ಗೆ ಯಾವ ಬಾಗಿಲು ತೆಗೆಯಬೇಕು ಅಂತ ಹೇಳುವುದು ಮೂರು ತಂತಿಗಳು. ಅದರಲ್ಲಿ ಒಂದು ಕೆಟ್ಟರೆ ದೋಷದ ಆಕಾರವೇ ಬೇರೆ. ಆಗ ಎಂಟೂ ಸಾಯುವುದಿಲ್ಲ. ಮೊದಲನೇ ತಂತಿ ಸೊನ್ನೆಯಲ್ಲೇ ಸಿಕ್ಕಿಕೊಂಡರೆ 1 ಎತ್ತಿದಾಗ 2 ಕೂಡ ಏರುತ್ತದೆ, 3 ಎತ್ತಿದಾಗ 4 ಏರುತ್ತದೆ, 2 ಮತ್ತು 4ರ ಫೇಡರ್‌ಗಳು ಏನೂ ಮಾಡುವುದಿಲ್ಲ. ಜೋಡಿ ಜೋಡಿಯಾಗಿ ಕಾಣುವ ದೋಷ ನಿಮಗೆ ಎಂದಾದರೂ ಸಿಕ್ಕರೆ ಈ ಮಾತು ನೆನಪಿಸಿಕೊಳ್ಳಿ.

ನಮ್ಮ ಡೆಸ್ಕ್‌ನಲ್ಲಿ ಮೂರೂ ಚಿಪ್ ಸಾಕೆಟ್‌ನಲ್ಲಿ ಕೂತಿದ್ದವು. ಹಾಗಾಗಿ ಕೆಲಸ ಸುಲಭ. ಮೈಯಲ್ಲಿನ ಸ್ಟ್ಯಾಟಿಕ್ ಕಳೆಯುವ ಪಟ್ಟಿ ಮಣಿಕಟ್ಟಿಗೆ ಕಟ್ಟಿಕೊಂಡು ಎರಡನೇ ಮತ್ತು ಮೂರನೇ ಚಿಪ್ ಅದಲು ಬದಲು ಮಾಡಿದೆ. ಚಿಪ್ ಕೆಟ್ಟಿದ್ದರೆ ದೋಷ 9ರಿಂದ 16ಕ್ಕೆ ಹೋಗಬೇಕು. ಹೋಗಲಿಲ್ಲ. 17ರಿಂದ 24ರಲ್ಲೇ ಉಳಿಯಿತು. ಅಂದರೆ ಚಿಪ್ ಸರಿ ಇದೆ, ಅದಕ್ಕೆ ಬರಬೇಕಾದ್ದು ಏನೋ ಬರುತ್ತಿಲ್ಲ.

ಅಷ್ಟರಲ್ಲಿ ಒಂದು ವಿಚಿತ್ರ ಕಂಡೆ. 20ನೇ ಫೇಡರ್ ಪೂರ್ತಿ ಮೇಲಕ್ಕೆ ಎತ್ತಿ ಬಿಟ್ಟರೆ 18, 19, 21 ಸ್ವಲ್ಪ ಜೀವ ಬಂದ ಹಾಗೆ ಅಲುಗಾಡುತ್ತಿದ್ದವು. ಇಳಿಸಿದರೆ ಮತ್ತೆ ತೆಪ್ಪಗೆ. ಮೊದಲು ತಲೆ ಬುಡ ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು. ಚಿಪ್‌ಗೆ ತನ್ನ ಕರೆಂಟ್ ಬರುತ್ತಿಲ್ಲ. ಈ ಜಾತಿಯ ಚಿಪ್‌ಗಳು ಕರೆಂಟ್ ಇಲ್ಲದಾಗ ಒಳಗೆ ಬರುವ ಸಿಗ್ನಲ್‌ನಿಂದಲೇ, ಒಳಗಿನ ಡಯೋಡ್‌ಗಳ ಮೂಲಕ, ಅಷ್ಟಿಷ್ಟು ಕದ್ದು ಬದುಕುತ್ತವೆ. ಎತ್ತಿದ ಫೇಡರ್ ಅದಕ್ಕೆ ಊಟ ಹಾಕುತ್ತಿತ್ತು. 4051ಗೆ 16ನೇ ಪಿನ್ ಪವರ್, 8ನೇ ಪಿನ್ ಗ್ರೌಂಡ್. ಮೀಟರ್ ಇಟ್ಟೆ. ಪಕ್ಕದ ಎರಡು ಚಿಪ್‌ಗಳಲ್ಲಿ ಸರಿಯಾಗಿ 5 ವೋಲ್ಟ್, ಇದರಲ್ಲಿ ಫೇಡರ್ ಜೊತೆ ಏರಿಳಿಯುವ ಏನೋ ಒಂದು.

ಬೋರ್ಡ್ ತಿರುಗಿಸಿ ಆ ಪಿನ್‌ನ ತಾಮ್ರದ ಗೆರೆ ಹಿಡಿದು ಹೋದೆ. ಹಸಿರು ಪೇಂಟ್ ಕೆಳಗೆ ಗೆರೆ ಒಂದು ಕಡೆ ಕಪ್ಪಗಾಗಿತ್ತು, ಇನ್ನೂ ಸ್ವಲ್ಪ ಮುಂದೆ ಪೇಂಟ್ ಉಬ್ಬಿತ್ತು, ಸೂಜಿಯಲ್ಲಿ ಮುಟ್ಟಿದರೆ ನೀಲಿ ಹಸಿರು ಪುಡಿ. ಆ ಪುಡಿಯ ದಾರಿ ಹಿಡಿದರೆ ಮೂಲೆಯಲ್ಲಿ ಕೂತಿದ್ದ ಬ್ಯಾಟರಿ. ಚೀಟಿಯಲ್ಲಿದ್ದ ಎರಡು ದೂರು ಒಂದೇ ಕಡೆಯಿಂದ ಬಂದಿದ್ದವು.

ಈ ಬ್ಯಾಟರಿ ಬಗ್ಗೆ ನೀವೆಲ್ಲ ಇವತ್ತೇ ಮನೆಗೆ ಹೋಗಿ ನಿಮ್ಮ ಡೆಸ್ಕ್ ಬಿಚ್ಚಿ ನೋಡಬೇಕು ಅನ್ನುವಷ್ಟು ಕಾಳಜಿ ನನಗಿದೆ. 1975ರಲ್ಲಿ ನ್ಯೂಯಾರ್ಕ್‌ನ ರಂಗಭೂಮಿಯಾದ ಬ್ರಾಡ್‌ವೇನಲ್ಲಿ ಬೆಳಕಿನ ವಿನ್ಯಾಸಕಿ ಥರಾನ್ ಮಸ್ಸರ್ ಮೊದಲ ಸಲ ಕಂಪ್ಯೂಟರ್ ಮೆಮೊರಿ ಇರುವ ಡೆಸ್ಕ್ ಬಳಸಿದ ಮೇಲೆ, ಕ್ಯೂ ನೆನಪಿಡುವ ಕೆಲಸ ಮೆಲ್ಲಗೆ ಡೆಸ್ಕ್‌ಗಳ ಪಾಲಿಗೆ ಬಂತು. ಆ ನೆನಪು ಇರುವುದು 6264, 62256 ಥರದ ಸಣ್ಣ ರ‍್ಯಾಮ್ ಚಿಪ್‌ಗಳಲ್ಲಿ. ಇವಕ್ಕೆ ಡೆಸ್ಕ್ ಆಫ್ ಆದಾಗಲೂ ಕನಿಷ್ಠ 2 ವೋಲ್ಟ್ ಬೇಕು, ಅದು ಬ್ಯಾಟರಿಯಿಂದ ಬರುತ್ತದೆ. ಎಷ್ಟೋ ಡೆಸ್ಕ್‌ಗಳಲ್ಲಿ ಅದು 3.6 ವೋಲ್ಟ್‌ನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ, ಬೋರ್ಡ್‌ಗೇ ಬೆಸೆದಿರುತ್ತಾರೆ. ನಾನು ಅಳೆದಾಗ ಇದರಲ್ಲಿ ಇದ್ದದ್ದು 0.9. ಕ್ಯೂ ಉಳಿಯದೆ ಇದ್ದದ್ದಕ್ಕೆ ಅದೇ ಕಾರಣ. ಕ್ಯೂ ಹೋದರೆ ಮತ್ತೆ ಬರೆದುಕೊಳ್ಳಬಹುದು. ವಯಸ್ಸಾದ ಬ್ಯಾಟರಿ ಸೋರಿದರೆ ಹಾಗಲ್ಲ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕ್ಷಾರ. ಅದು ತಾಮ್ರದ ಗೆರೆಗಳ ಮೇಲೆ ಪೇಂಟ್ ಅಡಿಯಲ್ಲೇ ಹರಿದು, ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತಾ ಹೋಗುತ್ತದೆ. ಡೆಸ್ಕ್ ಬಳಸದೆ ಮೂಲೆಯಲ್ಲಿ ಇಟ್ಟಿದ್ದರೂ ತಿನ್ನುತ್ತದೆ.

ಏನು ಮಾಡಿದೆ ಹೇಳುತ್ತೇನೆ. ಕೈಗವಸು ಹಾಕಿ ಬ್ಯಾಟರಿ ಕತ್ತರಿಸಿ ತೆಗೆದೆ. ವಿನೆಗರ್‌ಗೆ ನೀರು ಬೆರೆಸಿ ಹತ್ತಿ ಕಡ್ಡಿಯಲ್ಲಿ ಆ ಜಾಗ ಒರೆಸಿದೆ, ಕ್ಷಾರಕ್ಕೆ ಆಮ್ಲ ತಾಗಿ ಸಣ್ಣಗೆ ನೊರೆ ಬಂತು. ನೊರೆ ನಿಂತ ಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಆಲ್ಕೊಹಾಲ್‌ನಲ್ಲಿ ಒರೆಸಿ, ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಇಲ್ಲಿ ಅವಸರ ಮಾಡಬೇಡಿ. ಆಮೇಲೆ ಕಪ್ಪಾದ ಗೆರೆಗಳ ಮೇಲಿನ ಪೇಂಟ್ ಮೆಲ್ಲಗೆ ಕೆರೆದು, ತಾಮ್ರ ಹೊಳೆಯುವ ಜಾಗ ಸಿಗುವ ತನಕ ಹೋಗಿ, ಎರಡು ತುದಿಗೂ ಸಣ್ಣ ತಂತಿ ಬೆಸೆದೆ. ಒಟ್ಟು ನಾಲ್ಕು ತಂತಿ. ಪಕ್ಕದ ಗೆರೆಗೆ ತಾಕಿಲ್ಲ ಅಂತ ಪ್ರತಿ ಸಲ ಮೀಟರ್‌ನಲ್ಲಿ ನೋಡಿದೆ. ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಹಿಡಿಯುವುದೇ ಇಲ್ಲ, ಮುತ್ತಿನ ಹಾಗೆ ಉರುಳಿ ಹೋಗುತ್ತದೆ. ಹಾಗಾದರೆ ಇನ್ನೂ ಕೆರೆಯಬೇಕು ಅಂತ ಅರ್ಥ.

ಹೊಸ ಬ್ಯಾಟರಿಯನ್ನು ಬೋರ್ಡ್ ಮೇಲೆ ಹಾಕಲಿಲ್ಲ. ಉದ್ದ ತಂತಿ ಎಳೆದು, ಪೆಟ್ಟಿಗೆಯ ಇನ್ನೊಂದು ಮೂಲೆಯಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದೆ. ಮುಂದೆ ಅದು ಸೋರಿದರೂ ಡಬ್ಬಿಯಲ್ಲೇ ಸೋರಲಿ. ಇನ್ನೊಂದು ಮಾತು. ಕೆಲವರು ನಿಕಲ್ ಕ್ಯಾಡ್ಮಿಯಂ ಇದ್ದ ಕಡೆ 3 ವೋಲ್ಟ್‌ನ ಲಿಥಿಯಂ ಕಾಯಿನ್ ಸೆಲ್ ನೇರವಾಗಿ ಹಾಕುತ್ತಾರೆ. ತಪ್ಪು. ಡೆಸ್ಕ್ ಆನ್ ಇದ್ದಾಗ ಅದು ಹಳೆಯ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು. ಕಾಯಿನ್ ಸೆಲ್ ಚಾರ್ಜ್ ಮಾಡುವಂಥದ್ದಲ್ಲ, ಒಡೆಯಬಹುದು. ಹಾಕಲೇಬೇಕಿದ್ದರೆ ಚಾರ್ಜಿಂಗ್ ದಾರಿ ಕತ್ತರಿಸಿ ಒಂದು ಡಯೋಡ್ ಸೇರಿಸಿ.

ಬ್ಯಾಟರಿ ಬಿಟ್ಟರೆ ವಯಸ್ಸಾಗುವುದು ಪವರ್ ಸಪ್ಲೈನ ಕೆಪ್ಯಾಸಿಟರ್‌ಗಳು. ಒಳಗಿನ ದ್ರವ ಒಣಗುತ್ತದೆ. ಇದರ ಆಕಾರ ಹೀಗಿರುತ್ತದೆ: ಡೆಸ್ಕ್ ಆನ್ ಆಗುತ್ತದೆ, ಅರ್ಧ ಗಂಟೆ ಚೆನ್ನಾಗಿರುತ್ತದೆ, ಆಮೇಲೆ ತಾನಾಗಿ ರೀಸೆಟ್ ಆಗುತ್ತದೆ. ಅಥವಾ ಪ್ಯಾನೆಲ್‌ನ ಎಲ್ಲ ಎಲ್‌ಇಡಿ ಒಟ್ಟಿಗೆ ಹತ್ತಿದಾಗ ಮಾತ್ರ ಹ್ಯಾಂಗ್ ಆಗುತ್ತದೆ. ವೋಲ್ಟೇಜ್ ಸ್ಥಿರವಾಗಿಡುವ 7805 ರೆಗ್ಯುಲೇಟರ್ 5 ವೋಲ್ಟ್ ಕೊಡಬೇಕಾದರೆ ಅದಕ್ಕೆ ಒಳಗೆ ಸುಮಾರು 7 ವೋಲ್ಟ್ ಬರಬೇಕು. ಕೆಪ್ಯಾಸಿಟರ್ ಒಣಗಿದ್ದರೆ ಸೆಕೆಂಡಿಗೆ ನೂರು ಸಲ ಅದು 7ಕ್ಕಿಂತ ಕೆಳಗೆ ಇಳಿಯುತ್ತದೆ, ಪ್ರೊಸೆಸರ್ ಆಗ ತಡವರಿಸುತ್ತದೆ. ಮೀಟರ್‌ನಲ್ಲಿ ಡಿಸಿ ನೋಡಿದರೆ ಸರಾಸರಿ ಮಾತ್ರ ಸಿಗುತ್ತದೆ, 4.9 ತೋರಿಸಿ ನಿಮ್ಮನ್ನು ಸಮಾಧಾನ ಮಾಡಿಬಿಡುತ್ತದೆ. ಅದೇ ಜಾಗದಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. ಅಲ್ಲಿ ನೂರಾರು ಮಿಲಿವೋಲ್ಟ್ ಕಂಡರೆ ಕೆಪ್ಯಾಸಿಟರ್ ಬದಲಾಯಿಸಿ. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟ್, 105 ಡಿಗ್ರಿಯದು. ಪ್ಲಸ್ ಮೈನಸ್ ನೋಡಿ ಹಾಕಿ. ಫ್ಯೂಸ್ ಮಾತ್ರ ಬರೆದಿರುವ ಆಂಪಿಯರ್‌ಗಿಂತ ಜಾಸ್ತಿಯದು ಹಾಕಲೇಬೇಡಿ.

ಡೆಸ್ಕ್ ಆನ್ ಆಗಿ ಪರದೆಯಲ್ಲಿ ಕಸ ಅಕ್ಷರ ಬಂದರೆ ಸಾಕೆಟ್‌ನಲ್ಲಿರುವ ಚಿಪ್‌ಗಳನ್ನು ಒಂದೊಂದಾಗಿ ಸ್ವಲ್ಪ ಎತ್ತಿ ಮತ್ತೆ ಒತ್ತಿ. ಕಾಲುಗಳ ಮೇಲಿನ ಕಿಲುಬು ಉಜ್ಜಿಹೋಗುತ್ತದೆ. ನೋಡಿ, ಇಷ್ಟರಲ್ಲೇ ಎಷ್ಟೋ ಡೆಸ್ಕ್ ಎದ್ದು ಕೂತಿವೆ. ಹಾಗೇ, ಪ್ರೋಗ್ರಾಂ ಇರುವ ಇಪ್ರಾಮ್ ಚಿಪ್‌ನ ಗಾಜಿನ ಕಿಟಕಿಯ ಮೇಲಿನ ಸ್ಟಿಕ್ಕರ್ ಕೀಳಬೇಡಿ, ಅಲ್ಟ್ರಾವಯಲೆಟ್ ಬೆಳಕು ಬಿದ್ದರೆ ಅದು ಅಳಿಸುತ್ತದೆ. ಕೈಗೆ ರೀಡರ್ ಸಿಕ್ಕಿದ ದಿನ ಅದರ ಪ್ರತಿ ತೆಗೆದಿಟ್ಟುಕೊಳ್ಳಿ. ಆ ಪ್ರೋಗ್ರಾಂ ಇನ್ನೆಲ್ಲೂ ಸಿಗದೆ ಹೋಗಬಹುದು.

ಕೊನೆಗೆ ಔಟ್‌ಪುಟ್. ತುಂಬ ಹಳೆಯ ಡೆಸ್ಕ್‌ಗಳಲ್ಲಿ ಒಂದೊಂದು ಚಾನೆಲ್‌ಗೂ ಒಂದೊಂದು ತಂತಿ, 0ರಿಂದ 10 ವೋಲ್ಟ್, ಮೀಟರ್ ಇಟ್ಟರೆ ಮುಗಿಯಿತು. 1986ರಲ್ಲಿ ಡಿಎಂಎಕ್ಸ್512, ಅಂದರೆ ಡೆಸ್ಕ್ ಡಿಮ್ಮರ್‌ಗಳಿಗೆ ಡಿಜಿಟಲ್ ಆಗಿ ಮಾಹಿತಿ ಕಳಿಸುವ ರೀತಿ, ಬಂತು. ಒಂದೇ ಕೇಬಲ್‌ನಲ್ಲಿ 512 ಚಾನೆಲ್, ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್, ಪೂರ್ತಿ 512 ಕಳಿಸಿದರೆ ಸೆಕೆಂಡಿಗೆ ಸುಮಾರು 44 ಸಲ. ಸಿಗ್ನಲ್‌ನ ಆಕಾರ ಪರದೆಯಲ್ಲಿ ತೋರಿಸುವ ಆಸಿಲೊಸ್ಕೋಪ್ ಇಲ್ಲದವರು ಏನು ಮಾಡಬೇಕು ಅಂತ ಯಾರೋ ಕೇಳಿದರು. ಒಂದು ಉಪಾಯ ಇದೆ. ಡಿಎಂಎಕ್ಸ್ ಕೇಬಲ್ ಸಿಕ್ಕಿಸುವ ಎಕ್ಸ್‌ಎಲ್‌ಆರ್‌ನ 2 ಮತ್ತು 3ನೇ ಪಿನ್ ನಡುವೆ ಮೀಟರ್‌ನ ಡಿಸಿ ವೋಲ್ಟ್ ಇಡಿ, ಕೆಂಪು ಕಡ್ಡಿ 3ಕ್ಕೆ. ಎಲ್ಲ ಚಾನೆಲ್ ಸೊನ್ನೆ ಇದ್ದಾಗ ಸರಾಸರಿ ಮೈನಸ್ ಕಡೆಗೆ ವಾಲುತ್ತದೆ, ಪೂರ್ತಿ ಎತ್ತಿದಾಗ ಪ್ಲಸ್ ಕಡೆಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಅನ್ನುವುದು ಡೆಸ್ಕ್ ಎಷ್ಟು ಚಾನೆಲ್ ಕಳಿಸುತ್ತದೆ, ಅದರಲ್ಲಿ ಎಷ್ಟನ್ನು ನೀವು ಎತ್ತಿದ್ದೀರಿ ಅನ್ನುವುದರ ಮೇಲೆ. ಸಂಖ್ಯೆ ಕದಲುವುದೇ ಇಲ್ಲ ಅಂದರೆ ಸಿಗ್ನಲ್ ಹೊರಗೆ ಕಳಿಸುವ 75176 ಅನ್ನುವ ಎಂಟು ಕಾಲಿನ ಚಿಪ್ ನೋಡಿ. ಮೈಕ್‌ಗೆ ಹೋಗುವ 48 ವೋಲ್ಟ್ ಫ್ಯಾಂಟಮ್ ಲೈನ್‌ಗೆ ತಪ್ಪಿ ಸಿಕ್ಕಿಸಿದರೆ ಮೊದಲು ಸಾಯುವುದು ಇದೇ. ಹೊಸದು ಹಾಕುವಾಗ ಸಾಕೆಟ್ ಸಮೇತ ಹಾಕಿ. ದೀಪ ಮಿಣಮಿಣ ಅನ್ನುತ್ತಿದ್ದರೆ ಮಾತ್ರ ಡೆಸ್ಕ್‌ಗೆ ಕೈ ಹಾಕುವ ಮೊದಲು ಲೈನ್‌ನ ಕೊನೆಯಲ್ಲಿ 2 ಮತ್ತು 3ರ ನಡುವೆ 120 ಓಮ್ ರೆಸಿಸ್ಟರ್ ಇದೆಯಾ (ಇರಬೇಕು), ಮೈಕ್ ಕೇಬಲ್ ನಡುವೆ ಸೇರಿಕೊಂಡಿದೆಯಾ (ಇರಬಾರದು) ನೋಡಿ.

ಆ ಡೆಸ್ಕ್ ಜೋಡಿಸಿದ ಮೇಲೆ ತಕ್ಷಣ ವಾಪಸ್ ಕೊಡಲಿಲ್ಲ. 24 ಫೇಡರ್ ಅರ್ಧಕ್ಕೆ ಎತ್ತಿ ಆರು ಗಂಟೆ ಆನ್ ಇಟ್ಟೆ, ನಡುನಡುವೆ ಬೋರ್ಡ್‌ಗೆ ಪೆನ್ಸಿಲ್ ಹಿಂಭಾಗದಿಂದ ಮೆಲ್ಲಗೆ ತಟ್ಟಿದೆ, ಬೆಸುಗೆ ಎಲ್ಲಾದರೂ ಬಿಟ್ಟಿದ್ದರೆ ಆಗ ಗೊತ್ತಾಗುತ್ತದೆ. ಹತ್ತು ಕ್ಯೂ ಬರೆದು, ಪ್ಲಗ್ ಕಿತ್ತು, ಮೂರು ದಿನ ಬಿಟ್ಟೆ. ನಾಲ್ಕನೇ ದಿನ ಹತ್ತೂ ಹಾಗೇ ಇದ್ದವು. ಹಳೆಯ ಚೀಟಿಯನ್ನು ಕಿತ್ತು ಮುಚ್ಚಳದ ಒಳಗೆ ಅಂಟಿಸಿ, ಅದರ ಕೆಳಗೆ ನಾಲ್ಕು ತಂತಿ ಎಲ್ಲಿಂದ ಎಲ್ಲಿಗೆ, ಬ್ಯಾಟರಿ ಯಾವುದು, ಹಾಕಿದ ದಿನ ಯಾವುದು, ಯಾವಾಗ ಮತ್ತೆ ಬಿಚ್ಚಿ ನೋಡಬೇಕು ಅಂತ ಬರೆದೆ.